ಹಳೇ ಕೀಪ್ಯಾಡ್ ಫೋನಿಗೆ ನಮ್ಮದೇ ಹಾಡು, ನಮ್ಮದೇ ರಿಂಗ್‌ಟೋನ್: ಮಾಡಿ ನೋಡಿದವರು ಹೇಳಿ

ತಿಪಟೂರಿನಿಂದ ಪ್ರಶ್ನೆ

ನಮ್ಮಪ್ಪನ ಹತ್ತಿರ ಹಳೇ ನೋಕಿಯಾ 2700 ಕ್ಲಾಸಿಕ್ ಇದೆ. ಟಚ್ ಫೋನ್ ಕೊಡಿಸುತ್ತೇನೆ ಅಂದರೆ ಬೇಡವೇ ಬೇಡ ಅಂತಾರೆ. ಕೊಬ್ಬರಿ ಹರಾಜಿನ ದಿನ ಮಾರ್ಕೆಟ್ ಗಲಾಟೆಯಲ್ಲಿ ಫೋನ್ ಬಡಿದುಕೊಂಡರೂ ಅವರಿಗೆ ಕೇಳುವುದಿಲ್ಲ. ಕೇಳಿದರೂ ಪಕ್ಕದವರದೋ ತಮ್ಮದೋ ಗೊತ್ತಾಗುವುದಿಲ್ಲ. ಎಲ್ಲರದೂ ಅದೇ ಟ್ಯೂನ್.

ನಮ್ಮಜ್ಜಿ ಹಾಡಿದ ಸೋಬಾನೆ ಪದಗಳ ಕ್ಯಾಸೆಟ್ ಒಂದು ಮನೆಯಲ್ಲಿದೆ. ಅದನ್ನು ಅಪ್ಪನ ಫೋನಿಗೆ ಹಾಕಿ, ಒಂದು ತುಂಡನ್ನು ರಿಂಗ್‌ಟೋನ್ ಮಾಡಬೇಕು ಅಂತ ಆಸೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲ, ನನ್ನ ಆಂಡ್ರಾಯ್ಡ್ ಫೋನ್ ಇದೆ ಅಷ್ಟೇ. ಪರೀಕ್ಷೆಗೆ ಅಂತ ನಮ್ಮತ್ತೆ ವಾಟ್ಸಾಪ್‌ನಲ್ಲಿ ಹಾಡಿ ಕಳಿಸಿದ್ದ ವಾಯ್ಸ್ ಮೆಸೇಜನ್ನು ಬ್ಲೂಟೂತ್‌ನಲ್ಲಿ ಕಳಿಸಿದೆ. ಫೈಲ್ ಹೋಯಿತು, ಆದರೆ ಪ್ಲೇ ಆಗಲಿಲ್ಲ. ಯಾರಾದರೂ ದಾರಿ ಹೇಳಿ.

ತುಮಕೂರಿನಿಂದ

ನಾನು ಮೊಬೈಲ್ ರಿಪೇರಿ ಕೆಲಸದವನು. ಹಳೇ ಫೋನ್ ಬಿಡಲು ಒಪ್ಪದ ಹಿರಿಯರು ನನ್ನ ಹತ್ತಿರ ಈಗಲೂ ಬರುತ್ತಾರೆ. ಅವರಿಗೆ 'ಹೊಸದು ತಗೊಳ್ಳಿ' ಅಂತ ಹೇಳಲು ನನಗೆ ಮನಸ್ಸಾಗುವುದಿಲ್ಲ. ಗುಂಡಿ ಮುಟ್ಟಿದ ಕೂಡಲೇ ಯಾವ ನಂಬರ್ ಅಂತ ಅವರ ಬೆರಳಿಗೆ ಗೊತ್ತಿರುತ್ತದೆ. ನೀವು ಕೇಳಿದ ಕೆಲಸ ಆ ಫೋನಿನಲ್ಲಿ ಖಂಡಿತ ಆಗುತ್ತದೆ.

ಬ್ಲೂಟೂತ್‌ನಲ್ಲಿ ಫೈಲ್ ಹೋಯಿತು ಅಂದಮೇಲೆ ಫೋನ್ ಸರಿಯಾಗಿದೆ. ಫೈಲಿನ ಬಗೆಯೇ ಬೇರೆ. ವಾಟ್ಸಾಪ್ ವಾಯ್ಸ್ ಮೆಸೇಜ್ ಓಪಸ್ ಅನ್ನುವ ಫಾರ್ಮ್ಯಾಟ್‌ನಲ್ಲಿರುತ್ತದೆ. ನಿಮ್ಮಪ್ಪನ ಫೋನ್ 2009ರದು. ಓಪಸ್ ಒಂದು ಸ್ಟ್ಯಾಂಡರ್ಡ್ ಆಗಿ ಹೊರಬಂದದ್ದು 2012ರಲ್ಲಿ. ತಾನು ಹುಟ್ಟಿದಮೇಲೆ ಬಂದದ್ದನ್ನು ಆ ಫೋನ್ ಓದುವುದು ಹೇಗೆ? ಫೈಲ್ ಹೆಸರಿನ ಕೊನೆಯಲ್ಲಿ ಓಪಸ್ ಅಳಿಸಿ ಎಂಪಿ3 ಅಂತ ಬರೆದರೆ ಸಾಕು ಅನ್ನುವವರಿದ್ದಾರೆ. ಅದರಿಂದ ಹೆಸರು ಮಾತ್ರ ಬದಲಾಗುತ್ತದೆ, ಒಳಗಿನದು ಹಾಗೇ ಇರುತ್ತದೆ. ಕನ್ವರ್ಟ್ ಮಾಡಲೇಬೇಕು.

ಹಳೇ ಫೋನಿಗೆ ಯಾವಾಗಲೂ ಎಂಪಿ3 ಮಾಡಿ. ಬೇರೆ ಫಾರ್ಮ್ಯಾಟ್‌ಗಳು ಒಂದು ಫೋನಿನಲ್ಲಿ ಓಡುತ್ತವೆ, ಇನ್ನೊಂದರಲ್ಲಿ ಇಲ್ಲ. ಕಂಪ್ಯೂಟರ್ ಇರುವವರಿಗೆ ಆಡಾಸಿಟಿ, ವಿಎಲ್‌ಸಿ ಎರಡೂ ಪುಕ್ಕಟೆ ಸಿಗುತ್ತವೆ. ಆಂಡ್ರಾಯ್ಡ್‌ನಲ್ಲಿ ಹಾಡು ಕತ್ತರಿಸಿ ಎಂಪಿ3 ಮಾಡಿಕೊಡುವ ಆ್ಯಪ್‌ಗಳು ಬೇಕಾದಷ್ಟಿವೆ. ಒಂದೇ ಮಾತು: ರಿಂಗ್‌ಟೋನ್ ಕತ್ತರಿಸುವ ಆ್ಯಪ್ ನಿಮ್ಮ ಕಾಂಟ್ಯಾಕ್ಟ್, ಲೊಕೇಶನ್ ಕೇಳಿದರೆ ಅದನ್ನು ತೆಗೆದುಹಾಕಿ. ಆ ಕೆಲಸಕ್ಕೆ ಅವೇನೂ ಬೇಕಾಗಿಲ್ಲ.

ಕನ್ವರ್ಟ್ ಮಾಡುವಾಗ ಬಿಟ್‌ರೇಟ್ (ಒಂದು ಸೆಕೆಂಡಿನ ಸದ್ದಿಗೆ ಎಷ್ಟು ಡೇಟಾ ಅನ್ನುವ ಲೆಕ್ಕ) ಕೇಳಿದರೆ 128 ಕೆಬಿಪಿಎಸ್ ಸಾಕು. ಅದರಲ್ಲಿ ಒಂದು ನಿಮಿಷಕ್ಕೆ ಸುಮಾರು 1 ಎಂಬಿ ಆಗುತ್ತದೆ. 30 ಸೆಕೆಂಡಿನ ರಿಂಗ್‌ಟೋನ್ ಅರ್ಧ ಎಂಬಿ ಒಳಗೇ ಮುಗಿಯುತ್ತದೆ. 320 ಹಾಕಿದರೆ ಜಾಗ ಎರಡೂವರೆ ಪಟ್ಟು ಹೋಗುತ್ತದೆ, ಆ ಪುಟ್ಟ ಸ್ಪೀಕರ್‌ನಲ್ಲಿ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಫೈಲಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿಡಿ. ಕನ್ನಡದಲ್ಲಿಟ್ಟರೆ ಹಳೇ ಫೋನಿನಲ್ಲಿ ಬರೀ ಚೌಕಗಳು ಕಾಣಬಹುದು.

ಒಂದೆರಡು ಹಾಡಿಗೆ ಬ್ಲೂಟೂತ್ ಸಾಕು. ಜೋಡಿಸುವಾಗ ಕೋಡ್ ಕೇಳಿದರೆ ನಿಮಗೆ ತೋಚಿದ ನಂಬರ್ ಒತ್ತಿ, ಎರಡೂ ಫೋನಿನಲ್ಲಿ ಅದೇ ಇರಬೇಕು ಅಷ್ಟೇ. ಇದನ್ನು ಓದುತ್ತಿರುವ ಐಫೋನ್‌ನವರಿಗೆ ಈ ದಾರಿ ಇಲ್ಲ. ಐಫೋನ್ ಇಂಥ ಫೋನಿಗೆ ಬ್ಲೂಟೂತ್‌ನಲ್ಲಿ ಹಾಡು ಕಳಿಸುವುದಿಲ್ಲ.

ಇಡೀ ಕ್ಯಾಸೆಟ್ ಹಾಕಬೇಕು ಅಂದರೆ ಮೆಮೊರಿ ಕಾರ್ಡೇ ಸರಿ. ಇಲ್ಲಿ ಜಾಸ್ತಿ ಜನ ದುಡ್ಡು ಕಳೆದುಕೊಳ್ಳುತ್ತಾರೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮ್ಮ ಮಾಡೆಲ್‌ಗೆ ಕಂಪನಿ ಹೇಳಿದ ಮಿತಿ 2 ಜಿಬಿ. ಮೈಕ್ರೊ ಎಸ್‌ಡಿ ಕಾರ್ಡ್‌ನಲ್ಲಿ 2 ಜಿಬಿವರೆಗಿನದು ಒಂದು ತಲೆಮಾರು. 4ರಿಂದ 32 ಜಿಬಿ ಎಸ್‌ಡಿಎಚ್‌ಸಿ ಅನ್ನುವ ಇನ್ನೊಂದು ತಲೆಮಾರು. 64 ಮತ್ತು ಅದಕ್ಕಿಂತ ದೊಡ್ಡವು ಎಸ್‌ಡಿಎಕ್ಸ್‌ಸಿ. ನೋಡಲು ಮೂರೂ ಒಂದೇ ಥರ, ಜಾಗದಲ್ಲಿ ಸಲೀಸಾಗಿ ಕೂರುತ್ತವೆ. ಆದರೆ ಫೋನ್ ತನಗೆ ಗೊತ್ತಿಲ್ಲದ ತಲೆಮಾರಿನದನ್ನು ಓದುವುದಿಲ್ಲ. ಹೊಸ ಕಾರ್ಡ್ ಕೊಳ್ಳುವ ಮುಂಚೆ ಮನೆಯ ಹಳೇ ಡಬ್ಬಿಗಳಲ್ಲಿ ಹುಡುಕಿ. 1 ಜಿಬಿ, 2 ಜಿಬಿ ಕಾರ್ಡ್‌ಗಳು ಎಲ್ಲೋ ಬಿದ್ದಿರುತ್ತವೆ. 2 ಜಿಬಿಯಲ್ಲಿ ಐದೈದು ನಿಮಿಷದ ಹಾಡು 350ಕ್ಕೂ ಜಾಸ್ತಿ ಹಿಡಿಯುತ್ತವೆ. ಇನ್ನೇನು ಬೇಕು?

ಕಾರ್ಡನ್ನು ಮೊದಲು ಅಪ್ಪನ ಫೋನಿನಲ್ಲೇ ಫಾರ್ಮ್ಯಾಟ್ ಮಾಡಿ. ಹಳೇ ಫೋಟೊ ಇದ್ದರೆ ಮುಂಚೆಯೇ ತೆಗೆದಿಟ್ಟುಕೊಳ್ಳಿ, ಫಾರ್ಮ್ಯಾಟ್‌ನಲ್ಲಿ ಎಲ್ಲ ಅಳಿಸಿಹೋಗುತ್ತದೆ. ಆಮೇಲೆ ಒಂದು ಒಟಿಜಿ ಕಾರ್ಡ್ ರೀಡರ್ (ಮೆಮೊರಿ ಕಾರ್ಡನ್ನು ಫೋನಿನ ಚಾರ್ಜಿಂಗ್ ತೂತಿಗೆ ಜೋಡಿಸುವ ಪುಟ್ಟ ಸಾಧನ) ತಗೊಂಡು ನಿಮ್ಮ ಆಂಡ್ರಾಯ್ಡ್‌ಗೆ ಚುಚ್ಚಿದರೆ ಕಂಪ್ಯೂಟರ್‌ನ ಅಗತ್ಯವೇ ಬರುವುದಿಲ್ಲ. ಫೈಲ್ ಮ್ಯಾನೇಜರ್‌ನಲ್ಲಿ ಕಾಪಿ ಮಾಡಿ ಹಾಕಬಹುದು. ಆಂಡ್ರಾಯ್ಡ್ ಏನಾದರೂ 'ಇಂಟರ್ನಲ್ ಸ್ಟೋರೇಜ್ ಮಾಡಲೇ?' ಅಂತ ಕೇಳಿದರೆ ಬೇಡ ಅನ್ನಿ. ಹಾಗೆ ಮಾಡಿದ ಕಾರ್ಡ್ ಬೇರೆ ಯಾವ ಫೋನಿನಲ್ಲೂ ತೆರೆಯುವುದಿಲ್ಲ.

ಯುಎಸ್‌ಬಿ ಕೇಬಲ್ ಹಾಕಿ ನೋಡುವವರಿಗೆ: ಕೇಬಲ್ ಚುಚ್ಚಿದರೂ ಕಂಪ್ಯೂಟರ್‌ನಲ್ಲಿ ಏನೂ ಕಾಣದಿದ್ದರೆ ಕೇಬಲ್ ಬದಲಿಸಿ ನೋಡಿ. ಅಗ್ಗದ ಕೇಬಲ್‌ಗಳಲ್ಲಿ ಎಷ್ಟೋ ಸಲ ಚಾರ್ಜಿನ ತಂತಿ ಮಾತ್ರ ಇರುತ್ತದೆ, ಡೇಟಾ ತಂತಿ ಇರುವುದೇ ಇಲ್ಲ.

ಇನ್ನು ರಿಂಗ್‌ಟೋನ್ ಇಡುವುದು. ಹಾಡಿನ ಮೇಲೆ ನಿಂತು ಆಪ್ಷನ್ಸ್ ಒತ್ತಿದರೆ 'ಯೂಸ್ ಟೋನ್' ಥರದ ಸಾಲು ಬರುತ್ತದೆ, ಅಲ್ಲಿಂದ ರಿಂಗಿಂಗ್ ಟೋನ್ ಆರಿಸಿ. ಆ ತುಂಡನ್ನು ಕಾರ್ಡ್‌ನಲ್ಲಿಡಬೇಡಿ, ಫೋನಿನ ಮೆಮೊರಿಗೆ ಕಾಪಿ ಮಾಡಿ. ಕಾರ್ಡ್ ಸಡಿಲವಾದರೆ ಅಥವಾ ಯಾರಾದರೂ ತೆಗೆದರೆ ಫೋನ್ ಮತ್ತೆ ಹಳೇ ಟ್ಯೂನಿಗೇ ಹೋಗುತ್ತದೆ.

ಶಿಡ್ಲಘಟ್ಟದಿಂದ

ಮೇಲಿನವರು ಹೇಗೆ ಅಂತ ಹೇಳಿದ್ದಾರೆ. ಯಾವ ಸದ್ದು ಅನ್ನುವುದೂ ಅಷ್ಟೇ ಮುಖ್ಯ. ನಾನು ರೇಷ್ಮೆ ನೂಲು ತೆಗೆಯುವ ಫಿಲೇಚರ್‌ನಲ್ಲಿ ಕೆಲಸ ಮಾಡುತ್ತೇನೆ. ಮಷಿನ್ ಓಡುವಾಗ ಪಕ್ಕದವರ ಮಾತೇ ಕೇಳುವುದಿಲ್ಲ. ಅಲ್ಲಿ ಕೇಳಿಸುವ ರಿಂಗ್‌ಟೋನ್ ಬೇರೆಯೇ.

ಹಳೇ ಫೋನಿನ ಸ್ಪೀಕರ್ ಬೆರಳಿನ ಉಗುರಿನಷ್ಟು. ಅದರಿಂದ ತಗ್ಗಿನ ಸದ್ದು ಹೊರಗೆ ಬರುವುದಿಲ್ಲ. ಮೃದಂಗದ ಎಡಗಡೆ ಪೆಟ್ಟು, ಗಂಡಸರ ದಪ್ಪ ದನಿ ಎಲ್ಲ ಅದರಲ್ಲಿ ಕಳೆದುಹೋಗುತ್ತವೆ. ನಾಗಸ್ವರ, ಕೊಳಲು, ಗೆಜ್ಜೆ, ಹೆಂಗಸರ ಎತ್ತರದ ದನಿ ಚೆನ್ನಾಗಿ ಬರುತ್ತವೆ. ಎಲ್ಲಕ್ಕಿಂತ ಚೆನ್ನಾಗಿ ಬರುವುದು ತಮಟೆ. ನಮ್ಮ ತಾಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿಯೇ 2023ರಲ್ಲಿ ಪದ್ಮಶ್ರೀ ಬಂತು. ಆ ಹೆಮ್ಮೆ ನಮಗೆಲ್ಲ ಇದೆ. ನಮ್ಮೂರ ಜಾತ್ರೆಯಲ್ಲಿ ಹುಡುಗರು ಬಾರಿಸಿದ್ದನ್ನು ಅವರ ಒಪ್ಪಿಗೆ ಕೇಳಿಕೊಂಡು ರೆಕಾರ್ಡ್ ಮಾಡಿ ನಾನು ರಿಂಗ್‌ಟೋನ್ ಮಾಡಿಕೊಂಡಿದ್ದೇನೆ. ಹತ್ತಿರ ನಿಂತು ರೆಕಾರ್ಡ್ ಮಾಡಿದರೆ ಸದ್ದು ಒಡೆದು ಗರಗರ ಅನ್ನುತ್ತದೆ. ಹತ್ತು ಹದಿನೈದು ಹೆಜ್ಜೆ ದೂರ ನಿಲ್ಲಿ, ಗಾಳಿಗೆ ಬೆನ್ನು ಕೊಡಿ.

ಇನ್ನೊಂದು. ಹಾಡಿನ ಆರಂಭದಿಂದ ಕತ್ತರಿಸಬೇಡಿ. ಹಾಡುಗಳು ಮೆಲ್ಲಗೆ ಶುರುವಾಗುತ್ತವೆ. ಅದು ಜೋರಾಗುವಷ್ಟರಲ್ಲಿ ಕರೆ ಕಟ್ ಆಗಿರುತ್ತದೆ. ಮೊದಲ ಸೆಕೆಂಡಿನಲ್ಲೇ ದನಿ ಎದ್ದು ಬರುವ ಜಾಗ ಹುಡುಕಿ. ಸೋಬಾನೆ ಪದದಲ್ಲಿ ಒಬ್ಬರು ಹೇಳಿಕೊಟ್ಟ ಮೇಲೆ ಉಳಿದವರು ಒಟ್ಟಿಗೆ ಎತ್ತಿಕೊಳ್ಳುತ್ತಾರಲ್ಲ, ಅಲ್ಲಿಂದ ಶುರು ಮಾಡಿ. ಅಜ್ಜಿ ಒಬ್ಬರೇ ಹಾಡಿದ್ದರೆ ಎತ್ತರಕ್ಕೆ ಹೋಗುವ ಸಾಲಿನಿಂದ.

ಕೋಲಾರದಿಂದ

ಮೆಮೊರಿ ಕಾರ್ಡ್ ಇಲ್ಲ, ಬ್ಲೂಟೂತ್ ಇಲ್ಲ, ನೋಕಿಯಾ 3310, 1100 ಥರದ ಇನ್ನೂ ಹಳೇ ಫೋನ್ ಇದ್ದವರು ಬೇಜಾರಾಗಬೇಡಿ. ಆ ಫೋನ್‌ಗಳಲ್ಲಿ ಕಂಪೋಸರ್ ಇದೆ. ಹಾಡನ್ನು ಹಾಕಲು ಆಗುವುದಿಲ್ಲ, ಆದರೆ ರಾಗವನ್ನು ನೀವೇ ಒತ್ತಿ ಬರೆಯಬಹುದು. ನಾನು ಮಕ್ಕಳಿಗೆ ಸಂಗೀತ ಹೇಳಿಕೊಡುತ್ತೇನೆ, ಅದಕ್ಕೆ ಇದು ನನಗೆ ತುಂಬಾ ಇಷ್ಟ.

1ರಿಂದ 7ರವರೆಗಿನ ಗುಂಡಿಗಳು ಪಾಶ್ಚಾತ್ಯ ಸ್ವರ ಸಿಯಿಂದ ಬಿವರೆಗೆ. 1ನ್ನು ಷಡ್ಜ ಅಂತ ಇಟ್ಟುಕೊಂಡರೆ ಸ ರಿ ಗ ಮ ಪ ದ ನಿ, ನೇರವಾಗಿ ಶಂಕರಾಭರಣ. 8 ಒತ್ತಿದರೆ ಸ್ವರ ಗಿಡ್ಡವಾಗುತ್ತದೆ, 9 ಒತ್ತಿದರೆ ಉದ್ದವಾಗುತ್ತದೆ. 0 ವಿರಾಮ. ನಕ್ಷತ್ರದ ಗುಂಡಿ ಸ್ಥಾಯಿ ಬದಲಿಸುತ್ತದೆ. ಹ್ಯಾಶ್ ಗುಂಡಿ ಅರ್ಧ ಸ್ವರ ಏರಿಸುತ್ತದೆ. ಮೋಹನ ಬೇಕಾದರೆ 1, 2, 3, 5, 6 ಸಾಕು, ಹ್ಯಾಶ್ ಮುಟ್ಟುವುದೇ ಬೇಡ. ನಾವೆಲ್ಲ ಸರಳೆ ವರಸೆ ಕಲಿಯುವ ಮಾಯಾಮಾಳವಗೌಳಕ್ಕೆ ರಿಷಭ, ಧೈವತ ಎರಡೂ ಬೇರೆ. ರಿಷಭಕ್ಕೆ 1 ಒತ್ತಿ ಹ್ಯಾಶ್, ಧೈವತಕ್ಕೆ 5 ಒತ್ತಿ ಹ್ಯಾಶ್. ಗಮಕ, ಅಂದರೆ ಸ್ವರದ ಬಳುಕು, ಬರುವುದಿಲ್ಲ, ಸ್ವರ ಮಾತ್ರ. ಆದರೂ ನಿಮ್ಮ ಕೈಯಿಂದ ಹುಟ್ಟಿದ ರಿಂಗ್‌ಟೋನ್ ಇನ್ನೊಬ್ಬರ ಹತ್ತಿರ ಇರುವುದಿಲ್ಲ.

ಚಿಂತಾಮಣಿಯಿಂದ

ಕಾಲರ್ ಟ್ಯೂನ್ ಬೇರೆ, ರಿಂಗ್‌ಟೋನ್ ಬೇರೆ. ಇದನ್ನು ದೊಡ್ಡವರಿಗೆ ಬಿಡಿಸಿ ಹೇಳಿ. ನಮ್ಮ ಮಾವ ದುಡ್ಡು ಕಟ್ಟಿ ಕಾಲರ್ ಟ್ಯೂನ್ ಹಾಕಿಸಿಕೊಂಡು, ತಮ್ಮ ಫೋನಿನಲ್ಲಿ ಆ ಹಾಡು ಬರಲೇ ಇಲ್ಲ ಅಂತ ಕಾಯುತ್ತಿದ್ದರು. ಅದು ಕರೆ ಮಾಡಿದವರಿಗೆ ಕೇಳುವುದು, ನೆಟ್‌ವರ್ಕ್‌ನಲ್ಲಿರುತ್ತದೆ. 2020ರಲ್ಲಿ ಯಾರಿಗೆ ಫೋನ್ ಮಾಡಿದರೂ ಕೊರೋನಾ ಕೆಮ್ಮು ಕೇಳುತ್ತಿತ್ತಲ್ಲ, ಹಾಗೆ. ರಿಂಗ್‌ಟೋನ್ ನಮ್ಮ ಫೋನಿನೊಳಗೇ ಇರುತ್ತದೆ, ಅದಕ್ಕೆ ತಿಂಗಳಿಗೆ ಯಾರಿಗೂ ಏನೂ ಕೊಡಬೇಕಾಗಿಲ್ಲ. ಕಾಲರ್ ಟ್ಯೂನ್‌ಗೆ ಒಪ್ಪಿದ್ದೀರಿ ಅಂತ ಮೆಸೇಜ್ ಬಂದು ದುಡ್ಡು ಕಡಿತವಾದರೆ ಕಸ್ಟಮರ್ ಕೇರ್‌ಗೆ ಹೇಳಿ ನಿಲ್ಲಿಸಿ.

ಮತ್ತೆ, ಹಳೇ 2ಜಿ ಫೋನಿನಲ್ಲಿ ಜಿಯೋ ಸಿಮ್ ಓಡುವುದಿಲ್ಲ, ಆ ನೆಟ್‌ವರ್ಕ್‌ನಲ್ಲಿ 2ಜಿ ಇಲ್ಲ. ಸಿಮ್ ಬದಲಿಸುವ ಯೋಚನೆ ಇದ್ದರೆ ನೋಡಿಕೊಳ್ಳಿ.

ಮಧುಗಿರಿಯಿಂದ

ಯಾರೂ ಕ್ಯಾಸೆಟ್ ಬಗ್ಗೆ ಹೇಳಲಿಲ್ಲ. ದಯವಿಟ್ಟು ಅದನ್ನೇ ಮೊದಲು ಮಾಡಿ. ಫೋನ್ ಕೆಟ್ಟರೆ ಇನ್ನೊಂದು ಸಿಗುತ್ತದೆ, ಅಜ್ಜಿಯ ದನಿ ಇರುವುದು ಆ ಒಂದು ಟೇಪಿನಲ್ಲಿ ಮಾತ್ರ. ನಮ್ಮ ದೊಡ್ಡಮ್ಮನ ಬೀಸೋ ಪದಗಳನ್ನು ನಾನು ಹೀಗೇ ಉಳಿಸಿಕೊಂಡೆ.

ಕ್ಯಾಸೆಟ್ಟಿನ ಮೇಲಂಚಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳಿರುತ್ತವೆ. ಮುರಿದಿರದಿದ್ದರೆ ಈಗಲೇ ಮುರಿಯಿರಿ. ಆಗ ಯಾರಾದರೂ ಅಪ್ಪಿತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅಳಿಸುವುದಿಲ್ಲ. ಟೇಪ್ ರೆಕಾರ್ಡರಿನ ಹೆಡ್ಡನ್ನು ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ಒಣಗಲು ಬಿಡಿ. ವರ್ಷಗಟ್ಟಲೆ ಸುಮ್ನೆ ಬಿದ್ದಿದ್ದ ಕ್ಯಾಸೆಟ್ಟಾದರೆ ಒಂದು ಸಲ ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಸುತ್ತಿ. ಅಂಟಿಕೊಂಡಿದ್ದು ಬಿಡುತ್ತದೆ. ಮೊದಲು ಬೇರೆ ಕ್ಯಾಸೆಟ್ ಹಾಕಿ ಮಷಿನ್ ಟೇಪ್ ತಿನ್ನುತ್ತದಾ ನೋಡಿಕೊಳ್ಳಿ.

ಕಂಪ್ಯೂಟರ್ ಇರುವ ಸ್ನೇಹಿತರ ಮನೆಗೆ ರೆಕಾರ್ಡರನ್ನೇ ಹೊತ್ತುಕೊಂಡು ಹೋದರೆ ಒಳ್ಳೆಯದು. ರೆಕಾರ್ಡರಿನ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿನ ಲೈನ್ ಇನ್‌ಗೆ (ಹೊರಗಿನ ಸದ್ದು ಒಳಗೆ ತಗೊಳ್ಳುವ ತೂತು) ಎರಡೂ ತುದಿಯಲ್ಲಿ ಹೆಡ್‌ಫೋನ್ ಪಿನ್ ಇರುವ ಆಕ್ಸ್ ಕೇಬಲ್ ಹಾಕಿ ಆಡಾಸಿಟಿಯಲ್ಲಿ ರೆಕಾರ್ಡ್ ಮಾಡಿ. ವಾಲ್ಯೂಮ್ ಅರ್ಧಕ್ಕಿಂತ ಕಮ್ಮಿ ಇಟ್ಟು ಶುರು ಮಾಡಿ, ಮೀಟರ್ ಕೆಂಪಿಗೆ ಹೋಗಬಾರದು. 60 ನಿಮಿಷದ ಕ್ಯಾಸೆಟ್ ಅಂದರೆ ಒಂದು ಮಗ್ಗುಲು ಅರ್ಧ ಗಂಟೆ. ಮೊದಲು ಸದ್ದನ್ನು ಕುಗ್ಗಿಸದೆ ಹಾಗೇ ಇಡುವ ವೇವ್ ಫೈಲಾಗಿ ಉಳಿಸಿ, ಅದನ್ನು ಎರಡು ಕಡೆ ಇಡಿ. ಎಂಪಿ3 ಮಾಡುವುದು, ಕತ್ತರಿಸುವುದು ಎಲ್ಲ ಅದರ ಕಾಪಿಯ ಮೇಲೆ.

ತಿಪಟೂರಿನಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಲ್ಲು ಮುರಿದಾಯಿತು. ಅತ್ತೆಯ ವಾಯ್ಸ್ ಮೆಸೇಜನ್ನು ಎಂಪಿ3 ಮಾಡಿ ಕಳಿಸಿದೆ, ಪ್ಲೇ ಆಯಿತು. ಕ್ಯಾಸೆಟ್ ಕೆಲಸವನ್ನು ಭಾನುವಾರ ಸ್ನೇಹಿತನ ಮನೆಯಲ್ಲಿ ಮಾಡುತ್ತೇವೆ. ಒಂದು ಅನುಮಾನ. ಮಾರ್ಕೆಟ್‌ನವರ ಕರೆಗೆ ತಮಟೆ, ಮನೆಯವರ ಕರೆಗೆ ಅಜ್ಜಿ ಹಾಡು, ಹೀಗೆ ಬೇರೆ ಬೇರೆ ಇಡಲು ಆಗುತ್ತಾ?

ತುಮಕೂರಿನಿಂದ

ಆಗುತ್ತದೆ. ಎಲ್ಲರಿಗೂ ಬರುವ ರಿಂಗ್‌ಟೋನ್ ತಮಟೆ ಇಡಿ. ಆಮೇಲೆ ಮನೆಯವರ ಹೆಸರುಗಳನ್ನು ಒಂದೊಂದಾಗಿ ತೆರೆದು ಅಜ್ಜಿಯ ಹಾಡು ಆರಿಸಿ. ಹೆಸರುಗಳು ಸಿಮ್‌ನಲ್ಲಿದ್ದರೆ ಆ ಆಯ್ಕೆ ಕಾಣುವುದಿಲ್ಲ, ಮೊದಲು ಅವನ್ನು ಫೋನಿನ ಮೆಮೊರಿಗೆ ಕಾಪಿ ಮಾಡಿಕೊಳ್ಳಿ.