ರಾತ್ರಿ ರಸ್ತೆ ಬದಿ ನಿಲ್ಲೋ ಬೈಕಿಗೆ ಯಾವ ಬೀಗ?

ಕೇಳಿದವರು:
ಹೊಸ ಬೈಕ್ ತಗೊಂಡಿದ್ದೀನಿ. ಮನೆಗೆ ಗೇಟಿಲ್ಲ, ರಾತ್ರಿಯೆಲ್ಲ ಗಾಡಿ ರಸ್ತೆ ಪಕ್ಕದಲ್ಲೇ ನಿಲ್ಲಬೇಕು. ಹ್ಯಾಂಡಲ್ ಲಾಕ್ ಒಂದೇ ಸಾಕಾಗಲ್ಲ ಅಂತಾರೆ. ಬ್ರೇಕ್ ಡಿಸ್ಕಿಗೆ ಹಾಕೋ ಡಿಸ್ಕ್ ಲಾಕ್, ಚೈನ್, ಗಾಡಿ ಎಲ್ಲಿದೆ ಅಂತ ತೋರಿಸೋ ಜಿಪಿಎಸ್ ಟ್ರ್ಯಾಕರ್ ಎಲ್ಲ ಒಟ್ಟಿಗೆ ಕೊಳ್ಳೋಕೆ ಆಗಲ್ಲ. ಮೊದಲು ಯಾವುದು? ಬಳಸಿ ನೋಡಿದವರು ಹೇಳಿ.

ಚೈನ್ ಹಾಕುವವರು:
ಮೊದಲು ಚೈನು, ಉಳಿದದ್ದು ಆಮೇಲೆ. ಹ್ಯಾಂಡಲ್ ಲಾಕ್ ಅಂದ್ರೆ ಒಳಗಿರೋ ಸಣ್ಣ ಪಿನ್ನು ಅಷ್ಟೆ. ಹ್ಯಾಂಡಲ್ಲೇ ಸನ್ನೆಗೋಲಾಗೋದ್ರಿಂದ ಜೋರಾಗಿ ಒದ್ದರೆ ಪಿನ್ ಮುರಿಯುತ್ತೆ. ಒಂದು ಬೆಳಿಗ್ಗೆ ನನ್ನ ಗಾಡೀದು ಹಾಗೇ ಮುರಿದಿತ್ತು. ಚೈನ್ ಕಂಬಕ್ಕೆ ಸುತ್ತಿದ್ದರಿಂದ ಗಾಡಿ ಮಾತ್ರ ಅಲ್ಲೇ ಇತ್ತು.

ಚೈನ್ ಅಂದ್ರೆ ಪ್ಲಾಸ್ಟಿಕ್ ಹೊದಿಸಿದ ಕೇಬಲ್ ಅಲ್ಲ. ಅದನ್ನ ಸಾಧಾರಣ ಕಟರ್ರೇ ಕತ್ತರಿಸುತ್ತೆ. ಹದಗೊಳಿಸಿದ ಉಕ್ಕಿನ ಕೊಂಡಿ ಬೇಕು. ದಪ್ಪ 16 ಮಿ.ಮೀ. ಆಸುಪಾಸು ಇದ್ರೆ ಕೈಯಲ್ಲಿ ಹಿಡಿಯೋ ಬೋಲ್ಟ್ ಕಟರ್‌ಗೆ ಬಹುಮಟ್ಟಿಗೆ ಬಗ್ಗಲ್ಲ. ಬ್ಯಾಟರಿ ಗ್ರೈಂಡರ್ ತಂದರೆ ಎಂಥ ಚೈನೂ ಕೊನೆಗೆ ತುಂಡಾಗುತ್ತೆ ನಿಜ, ಆದ್ರೆ ಕಿಡಿ ಹಾರುತ್ತೆ, ಬೀದಿಯೆಲ್ಲ ಎದ್ದು ಕೂರೋ ಹಾಗೆ ಸದ್ದಾಗುತ್ತೆ. ನಾವು ದುಡ್ಡು ಕೊಡೋದು ಆ ಸದ್ದಿಗೇ. ಡಬ್ಬದ ಮೇಲಿನ ‘ಹೆವಿ ಡ್ಯೂಟಿ’ ಅನ್ನೋ ಮಾತು ನಂಬಬೇಡಿ. ಬ್ರಿಟನ್ನಿನ ಸೋಲ್ಡ್ ಸೆಕ್ಯೂರ್, ನೆದರ್ಲೆಂಡ್ಸ್‌ನ ಎಆರ್‌ಟಿ ಥರದ ಸಂಸ್ಥೆಗಳು ಬೀಗಗಳನ್ನ ಮುರಿಯೋಕೆ ನೋಡಿ ದರ್ಜೆ ಕೊಡ್ತವೆ. ಅಂಥ ಗುರುತು ಇದೆಯಾ ನೋಡಿ.

ಬೀಗದಷ್ಟೇ ಮುಖ್ಯ ಕಟ್ಟೋ ರೀತಿ. ಮುಂದಿನ ಚಕ್ರಕ್ಕೆ ಮಾತ್ರ ಹಾಕಿದ್ರೆ ಆಕ್ಸಲ್ ಬಿಚ್ಚಿ, ಚಕ್ರ ನಿಮಗೇ ಬಿಟ್ಟು ಗಾಡಿ ಒಯ್ತಾರೆ. ಫ್ರೇಮ್ ಒಳಗಿಂದ ತೂರಿಸಿ. ಅದಾಗದಿದ್ರೆ ಹಿಂದಿನ ಚಕ್ರ, ಅದನ್ನ ಹಿಡಿದಿರೋ ಸ್ವಿಂಗ್ ಆರ್ಮ್ ಎರಡೂ ಸೇರಲಿ. ಚೈನ್ ನೆಲಕ್ಕೆ ತಾಗಬಾರದು. ತಾಗಿದ್ರೆ ಕಟರ್‌ನ ಒಂದು ಹಿಡಿಯನ್ನ ನೆಲಕ್ಕೂರಿ ಇನ್ನೊಂದರ ಮೇಲೆ ಮೈಭಾರವೆಲ್ಲ ಹಾಕಬಹುದು, ಸುತ್ತಿಗೆ ಏಟಿಗೂ ಅಡಿಯಿಂದ ಆಸರೆ ಸಿಗುತ್ತೆ. ಕಂಬ ಗಿಡ್ಡವಾಗಿದ್ರೆ ಚೈನ್ ಸಮೇತ ಮೇಲಿಂದ ಎತ್ತಿಬಿಡ್ತಾರೆ, ಅದನ್ನೂ ನೋಡ್ಕೊಳ್ಳಿ.

ದಿನಾ ಓಡಾಡುವವರು:
ಆ ಚೈನು ರಾತ್ರಿಗೆ ಸರಿ. ಆದ್ರೆ ಕೆಜಿಗಟ್ಟಲೆ ತೂಗುತ್ತೆ, ಹೊತ್ತು ತಿರುಗೋಕಾಗುತ್ತಾ? ನಾನು ಅದನ್ನ ಕಂಬಕ್ಕೇ ಬಿಟ್ಟು ಹೋಗ್ತೀನಿ. ಹಗಲಿಗೆ ಅಲಾರಂ ಇರೋ ಡಿಸ್ಕ್ ಲಾಕ್. ಇಬ್ಬರು ಎತ್ತಿ ವ್ಯಾನಿಗೆ ಹಾಕೋದನ್ನ ಅದು ತಡೆಯಲ್ಲ, ತಳ್ಕೊಂಡು ಹೋಗೋನನ್ನ ತಡೆಯುತ್ತೆ. ಲಾಕ್‌ನಿಂದ ಹ್ಯಾಂಡಲ್‌ಗೆ ಗಾಢ ಬಣ್ಣದ ಸುರುಳಿ ತಂತಿ ಕಟ್ಟಿಡಿ. ಮರೆತು ಗೇರ್ ಹಾಕಿದ್ರೆ ಲಾಕ್ ಹೋಗಿ ಬ್ರೇಕಿನ ಕ್ಯಾಲಿಪರ್‌ಗೆ (ಡಿಸ್ಕನ್ನ ಹಿಡಿಯೋ ಭಾಗ) ಬಡಿದು ನೀವೂ ಗಾಡಿಯೂ ನೆಲದ ಮೇಲೆ.

ವೈರಿಂಗ್ ಮೆಕ್ಯಾನಿಕ್:
ಕೀಲಿಯಲ್ಲಿ ಚಿಪ್ ಇರೋ ಇಮ್ಮೊಬಿಲೈಸರ್ (ಆ ಚಿಪ್ ಗುರುತು ಸಿಗದೆ ಇಂಜಿನ್ ಸ್ಟಾರ್ಟ್ ಆಗಲ್ಲ) ನಿಮ್ಮ ಗಾಡೀಲಿದ್ರೆ ವೈರ್ ಕಿತ್ತು ಕೀಲಿಯಿಲ್ಲದೆ ಡೈರೆಕ್ಟ್ ಸ್ಟಾರ್ಟ್ ಮಾಡೋ ಆಟ ಸುಲಭಕ್ಕೆ ನಡೆಯಲ್ಲ. ಇಲ್ಲದಿದ್ರೆ, ಆಫ್ ಮಾಡಿಟ್ಟರೆ ಗಾಡಿ ಸ್ಟಾರ್ಟ್ ಆಗದ ಹಾಗೆ ಸೀಕ್ರೆಟ್ ಸ್ವಿಚ್ ಹಾಕಿಸಿ. ಇಂಜೆಕ್ಷನ್ ಗಾಡಿಯಾದ್ರೆ ಗಾಡಿಯೊಳಗಿನ ಪೆಟ್ರೋಲ್ ಪಂಪಿನ ರಿಲೇಗೆ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನ ಆನ್-ಆಫ್ ಮಾಡೋದು), ಕಾರ್ಬುರೇಟರ್ ಆದ್ರೆ ಇಗ್ನಿಷನ್ ಲೈನಿಗೆ. ಪಂಪಿನ ಪೂರ್ತಿ ಕರೆಂಟನ್ನ ಸಣ್ಣ ಸ್ವಿಚ್ಚಿನಲ್ಲಿ ಹರಿಸಬೇಡಿ, ಬಿಸಿಯಾಗಿ ಸುಡುತ್ತೆ. ಸಣ್ಣ ಕರೆಂಟ್ ಹರಿಯೋ ರಿಲೇಯ ಕಾಯಿಲ್ ಕಡೆ ಕೊಡಿಸಿ. ಜಾಯಿಂಟಿಗೆ ಬೆಸುಗೆ ಹಾಕಿರಬೇಕು. ಬರೀ ಟೇಪ್ ಸುತ್ತಿ ಕೊಟ್ಟರೆ ಓಡ್ತಿರೋ ಗಾಡಿ ನಡುರಸ್ತೇಲಿ ಆಫ್ ಆಗುತ್ತೆ, ಅದು ಕಳ್ಳನಿಗಿಂತ ಕೆಟ್ಟದ್ದು. ಹೊಸ ಗಾಡಿ ಅಂದ್ರಲ್ಲ, ವೈರ್ ಮುಟ್ಟಿದ್ರೆ ವಾರಂಟಿ ತಕರಾರು ಬರಬಹುದು, ಮೊದಲು ಕೇಳ್ಕೊಳ್ಳಿ. ಸ್ವಿಚ್ ಸೀಟಿನಡಿ ಮಾತ್ರ ಬೇಡ, ಯಾರ ಕೈಯಾದ್ರೂ ಮೊದಲು ಹೋಗೋದು ಅಲ್ಲಿಗೇ. ಎಲ್ಲಿ ಹಾಕಿಸಿದೆ ಅಂತ ಇಲ್ಲಿ ಬರೀಬೇಡಿ ಮಾರಾಯ್ರೆ!

ಟ್ರ್ಯಾಕರ್ ಇಟ್ಟವರು:
ಜಿಪಿಎಸ್ ಕಳ್ಳತನ ತಡೆಯಲ್ಲ, ಆದಮೇಲೆ ಹುಡುಕೋಕೆ. ತನ್ನದೇ ಬ್ಯಾಟರಿ ಇರೋದು ತಗೊಳ್ಳಿ. ಗಾಡಿ ಬ್ಯಾಟರಿ ವೈರ್ ಕಿತ್ತರೂ ಸ್ವಲ್ಪ ಹೊತ್ತು ಬದುಕಿರುತ್ತೆ. ಸುತ್ತ ಲೋಹ ಮುಚ್ಚಿದ್ರೆ ಸಿಗ್ನಲ್ ಸಿಗಲ್ಲ. ವಾರಗಟ್ಟಲೆ ಗಾಡಿ ತೆಗೆಯದಿದ್ರೆ ಟ್ರ್ಯಾಕರ್ರೇ ಬ್ಯಾಟರಿ ಕುಡಿದು ಮುಗಿಸುತ್ತೆ. ಟ್ರ್ಯಾಕರ್ ಒಳಗಿನ ಸಿಮ್ ರೀಚಾರ್ಜ್ ಮರೆಯೋರು ಬಹಳ.

2021ರಲ್ಲಿ ಬಂದ ಆ್ಯಪಲ್‌ನ ಏರ್‌ಟ್ಯಾಗ್ ಅನ್ನೋ ಪುಟ್ಟ ಬಿಲ್ಲೆ ಥರದ್ದು ಅಗ್ಗದ ದಾರಿ, ಆದ್ರೆ ಅದನ್ನ ಮಾಡಿರೋದು ಕಳೆದ ವಸ್ತು ಹುಡುಕೋಕೆ. ಅದರಲ್ಲಿ ಜಿಪಿಎಸ್ ಇಲ್ಲ. ಹತ್ತಿರದಲ್ಲಿ ಅದರ ಜೊತೆ ಮಾತಾಡೋ ಫೋನುಗಳಿದ್ರಷ್ಟೇ ಜಾಗ ಗೊತ್ತಾಗೋದು. ಯಾರನ್ನೂ ಗುಟ್ಟಾಗಿ ಹಿಂಬಾಲಿಸಬಾರದು ಅಂತ, ‘ನಿಮ್ಮ ಜೊತೆ ಅಪರಿಚಿತ ಟ್ಯಾಗ್ ಬರ್ತಿದೆ’ ಅಂತ ಕಳ್ಳನ ಫೋನಿಗೇ ಎಚ್ಚರಿಕೆ ಹೋಗಬಹುದು. 2024ರಿಂದ ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ಆ ವ್ಯವಸ್ಥೆ ಒಂದೇ ರೀತಿ ಇದೆ. ಇನ್ನೊಂದು, ಮ್ಯಾಪಲ್ಲಿ ಚುಕ್ಕೆ ಕಂಡ ಕೂಡ್ಲೆ ಒಬ್ಬರೇ ಅಲ್ಲಿಗೆ ಹೋಗಬೇಡಿ, ಪೊಲೀಸರಿಗೆ ಕೊಡಿ.

ಹಳೇ ಗಾಡಿ ಮಾರಿದವರು:
ಎಲ್ಲರೂ ಬೀಗದ ಬಗ್ಗೆ ಹೇಳಿದ್ರಿ, ಕೀಲಿ ಬಗ್ಗೆ ಯಾರೂ ಹೇಳಲಿಲ್ಲ. ‘ಒಂದೇ ನಿಮಿಷ’ ಅಂತ ಕೀಲಿ ಗಾಡೀಲೇ ಬಿಡಬೇಡಿ. ಎರಡನೇ ಕೀಲಿ ಜೋಪಾನವಾಗಿಡಿ, ಗಾಡಿ ಹೋದರೆ ವಿಮೆಯವರು ಎರಡೂ ಕೇಳಬಹುದು. ಮಾರುವಾಗ ಟೆಸ್ಟ್ ರೈಡ್ ಅಂತ ಹೋದವನು ಹೋದವನೇ ಆಗೋದೂ ಉಂಟು. ನಾನು ಪೂರ್ತಿ ದುಡ್ಡು ಕೈಗೆ ಬರೋವರೆಗೆ ಕೀಲಿ ಕೊಡಲಿಲ್ಲ, ಬಂದವರು ಮುಖ ಸಿಂಡರಿಸಿದ್ರು, ಸಿಂಡರಿಸಲಿ. ಇಂಜಿನ್, ಚಾಸಿ ನಂಬರಿನ ಫೋಟೋ ಈಗ್ಲೇ ತೆಗೆದಿಡಿ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ಚೈನಿಂದಲೇ ಶುರು ಮಾಡ್ತೀನಿ. ಆದ್ರೆ ಗಾಡಿ ನಿಲ್ಲೋ ಜಾಗದ ಹತ್ರ ಕಂಬ ಇಲ್ಲವಲ್ಲ?

ಚೈನ್ ಹಾಕುವವರು:
ಗೋಡೆ ನಿಮ್ಮದಾಗಿದ್ರೆ ಗ್ರೌಂಡ್ ಆ್ಯಂಕರ್ ಅಂತ ಉಕ್ಕಿನ ಬಳೆ ಸಿಗುತ್ತೆ, ಗಟ್ಟಿ ಕಾಂಕ್ರೀಟಿಗೆ ಬೋಲ್ಟ್ ಹಾಕಿ ಕೂರಿಸಬಹುದು. ಬಾಡಿಗೆ ಮನೆಯಾದ್ರೆ ಮಾಲೀಕರನ್ನ ಕೇಳಿ. ಬರೀ ಇಟ್ಟಿಗೆ ಗೋಡೆಗೆ ಬೇಡ, ಕಿತ್ತು ಬರುತ್ತೆ. ಬೋಲ್ಟ್ ಬಿಗಿ ಮಾಡಿದಮೇಲೆ ಅದರ ತಲೆಯ ಕುಳಿಗೆ ಸರಿಹೊಂದೋ ಬೇರಿಂಗ್ ಗುಂಡು ಹೊಡೆದು ಕೂರಿಸಿಬಿಡಿ, ಆಮೇಲೆ ಅಲೆನ್ ಕೀ ಹಾಕಿ ಬೋಲ್ಟ್ ಬಿಚ್ಚೋಕಾಗಲ್ಲ. ಅಲ್ಲಿವರೆಗೆ ಪಕ್ಕದವರ ಗಾಡಿಗೆ ನಿಮ್ಮದನ್ನ ಸೇರಿಸಿ ಚೈನ್ ಹಾಕಿ, ಬೆಳಿಗ್ಗೆ ಯಾರು ಮೊದಲು ಹೊರಡ್ತಾರೆ ಅಂತ ಮಾತ್ರ ಮೊದಲೇ ಮಾತಾಡ್ಕೊಳ್ಳಿ.