ಸಹಾಯ ಬೇಕು: ಉಪಗ್ರಹದೊಳಗಿನ ಇಲಿಗಳಿಗೆ ಶುದ್ಧ ಗಾಳಿ

ಎಲ್ಲರಿಗೂ ನಮಸ್ಕಾರ. ಮಂಗಳನಲ್ಲಿರುವಷ್ಟೇ, ಅಂದರೆ ಭೂಮಿಯ 0.38 ಪಟ್ಟು ಗುರುತ್ವದಲ್ಲಿ ಬಿಳಿ ಇಲಿಗಳನ್ನು ಐದು ವಾರ ಸಾಕುವ ಪುಟ್ಟ ಉಪಗ್ರಹದ ವಿನ್ಯಾಸ ನನ್ನ ಎಂ.ಟೆಕ್. ಪ್ರಾಜೆಕ್ಟ್. ಉಪಗ್ರಹವನ್ನು ತಿರುಗಿಸಿ ಈ ಗುರುತ್ವವನ್ನು ಹುಟ್ಟಿಸಬೇಕು; ಪಂಜರ ತಿರುಗುವ ಅಕ್ಷದಿಂದ 33 ಸೆಂಟಿಮೀಟರ್ ದೂರವಿದ್ದರೆ ನಿಮಿಷಕ್ಕೆ ಸುಮಾರು 32 ಸುತ್ತು ಸಾಕು. ಇಂಗಾಲದ ಡೈಆಕ್ಸೈಡನ್ನು ಲಿಥಿಯಂ ಹೈಡ್ರಾಕ್ಸೈಡ್ ಹೀರಿಕೊಳ್ಳುತ್ತದೆ, ಅಷ್ಟರ ಮಟ್ಟಿಗೆ ಚಿಂತೆಯಿಲ್ಲ.

ತಲೆನೋವೆಂದರೆ ಮೂತ್ರದಿಂದ ಏಳುವ ಅಮೋನಿಯಾ. ಸಾದಾ ಇದ್ದಿಲು ಅದನ್ನು ಅಷ್ಟಾಗಿ ಹಿಡಿಯುವುದಿಲ್ಲ, ಫಾಸ್ಫಾರಿಕ್ ಆಮ್ಲ ಹೀರಿಸಿದ ಇದ್ದಿಲು ಬೇಕು. ಎಷ್ಟು ಎಂಬುದೇ ಪ್ರಶ್ನೆ. ಆ ಮೂಕಜೀವಿಗಳು ಕಣ್ಣುರಿಯುವ ಗಾಳಿಯಲ್ಲಿ ಇರಬಾರದು, ಈ ವಿಷಯದಲ್ಲಿ ನನಗೆ ರಾಜಿಯಿಲ್ಲ.

ಬೆಂಗಳೂರಿನ ಪ್ರಯೋಗಾಲಯಗಳಲ್ಲಿ ಇಲಿಗಳನ್ನು ನೋಡಿಕೊಳ್ಳುವವರು ಇಲ್ಲಿ ಯಾರಾದರೂ ಇದ್ದೀರಾ? ಹಾಸು ಬದಲಿಸದಿದ್ದರೆ ಎಷ್ಟನೇ ದಿನಕ್ಕೆ ಘಾಟು ಏರುತ್ತದೆ? ಪಂಜರದೊಳಗೆ ಅಳೆದ ಅಂಕಿಗಳಿದ್ದರೆ ದಯವಿಟ್ಟು ತಿಳಿಸಿ. ಯಲಹಂಕವಾದರೂ ಸರಿ, ಜಿಗಣಿಯಾದರೂ ಸರಿ, ನಾನೇ ಬರುತ್ತೇನೆ.