ಪದಚರ್ಚೆ: ಬಚ್ಚಲಿನ ಕಲ್ಲು ಹೊರುವ ‘ಬ್ರಾಕೆಟ್’ಗೆ ನಮ್ಮಲ್ಲಿ ಏನೆನ್ನುತ್ತಾರೆ?

ನಮಸ್ಕಾರ. ಕೊಪ್ಪಳದ ನಮ್ಮ ಮನೆಯ ಬಚ್ಚಲನ್ನು ಹೊಸದಾಗಿ ಕಟ್ಟಿಸುತ್ತಿದ್ದೇವೆ. ಬೇಸಿನ್ ಕೂರಿಸಲು ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲದ ಗ್ರಾನೈಟ್ ತಂದಾಗಿದೆ. ನೆಲ ತೊಳೆಯಲು ಸಲೀಸಾಗಲೆಂದು ಕೆಳಗೆ ಏನನ್ನೂ ಕಟ್ಟದೆ, ಗೋಡೆಗೆ ಬಿಗಿದ ಕಬ್ಬಿಣದ ತ್ರಿಕೋನಗಳ ಮೇಲೆ ಕಲ್ಲನ್ನು ನಿಲ್ಲಿಸಬೇಕು. ಆ ತ್ರಿಕೋನದ ಹೆಸರೇ ನನ್ನ ಪ್ರಶ್ನೆ.

ಅದರ ಜೊತೆ ಬಂದ ಕನ್ನಡ ಚೀಟಿಯಲ್ಲಿ ‘ಆವರಣಗಳನ್ನು ಗೋಡೆಗೆ ಭದ್ರಪಡಿಸಿ’ ಎಂದಿತ್ತು. ಓದಿ ಹೇಳಿದೆ. ಗೌಂಡಿ ಕರಣೆ ಕೆಳಗಿಟ್ಟು, “ಆವರಣ ಗೋಡೆಯೇ? ಕಾಂಪೌಂಡ್ ಕೆಲಸದ ಮಾತು ಆಗಿರಲಿಲ್ಲವಲ್ಲ” ಎಂದರು. ತಪ್ಪು ಅವರದಲ್ಲ. ಗಣಿತದಲ್ಲಿ ಅಂಕಿಗಳನ್ನು ಸುತ್ತುವರಿಯುವ ಚಿಹ್ನೆಯೂ ಇಂಗ್ಲಿಷಿನಲ್ಲಿ ‘ಬ್ರಾಕೆಟ್’ ಆದ್ದರಿಂದ, ಅದಕ್ಕೆ ಆವರಣ ಒಪ್ಪುವ ಪದ. ಇಲ್ಲಿ ಸುತ್ತುವರಿಯುವುದು ಏನೂ ಇಲ್ಲ, ಹೊರುವುದಿದೆ.

ಹೊರೆ ಸಣ್ಣದೂ ಅಲ್ಲ. 20 ಮಿಲಿಮೀಟರ್ ದಪ್ಪದ ಗ್ರಾನೈಟ್ ಒಂದು ಚದರ ಮೀಟರಿಗೆ ಸುಮಾರು 54 ಕಿಲೋ ತೂಗುತ್ತದೆ. ನಮ್ಮ ಕಲ್ಲು ಹತ್ತಿರ ಹತ್ತಿರ 40 ಕಿಲೋ. ಮೇಲೆ ಬೇಸಿನ್, ನೀರು, ಮುಖ ತೊಳೆಯುವಾಗ ಅಂಚಿಗೆ ಒರಗುವವರ ಭಾರ ಬೇರೆ. ಈ ಭಾರ ಮೇಲಿನ ಬೋಲ್ಟನ್ನು ಗೋಡೆಯಿಂದ ಹೊರಗೆ ಎಳೆಯುತ್ತದೆ, ಕೆಳತುದಿಯನ್ನು ಗೋಡೆಗೆ ಒತ್ತುತ್ತದೆ. ಗೋಡೆಗೆ ತಾಗುವ ಪಟ್ಟಿ ಉದ್ದವಿದ್ದಷ್ಟೂ ಮೇಲಿನ ಎಳೆತ ಕಡಿಮೆ. ಬೋಲ್ಟು ಗಿಲಾವಿನಲ್ಲೇ ನಿಂತರೆ ಉಪಯೋಗವಿಲ್ಲ, ಇಟ್ಟಿಗೆಯ ಒಳಕ್ಕೆ ಇಳಿಯಬೇಕು. ಅಮೆರಿಕದ ಮನೆಗಳಲ್ಲಿ ತೆಳು ಹಲಗೆಯ ಗೋಡೆಯ ಹಿಂದಿರುವ ಮರದ ಕಂಬಗಳನ್ನು ಹುಡುಕಿ ಅವಕ್ಕೇ ತಿರುಪು ಬಿಗಿಯುತ್ತಾರೆ. ಚೀಟಿಯಲ್ಲಿದ್ದ ಚಿತ್ರವೂ ಅಂಥದ್ದೇ; ನಮ್ಮ ಇಟ್ಟಿಗೆ ಗೋಡೆಗೆ ಅದು ದಾರಿ ತೋರಿಸುವುದಿಲ್ಲ.

ಇನ್ನು ಪದಗಳು. ಅಂಗಡಿಯಲ್ಲಿ ‘ಆ್ಯಂಗಲ್’ ಅಥವಾ ‘ಎಲ್ ಪಟ್ಟಿ’ ಎನ್ನುತ್ತಾರೆ. ಅದು ಮಡಿಚಿದ ಕಬ್ಬಿಣದ ಹೆಸರು, ಅದು ಮಾಡುವ ಕೆಲಸದ ಹೆಸರಲ್ಲ. ‘ಗೂಟ’ ಎಂದರೆ ನೇರ ಚಾಚಿದ್ದು, ಕೆಳಗಿನ ಓರೆ ಆಸರೆ ಅದರಲ್ಲಿ ಬರುವುದಿಲ್ಲ. ‘ಬೋದಿಗೆ’ (ಕಂಬದ ತಲೆಯಲ್ಲಿ ಮೇಲಿನ ತೊಲೆಯನ್ನು ಹೊರುವ ಭಾಗ) ನನಗೆ ಬಹಳ ಪ್ರಿಯವಾದ ಪದ. ಹಂಪೆಯ ಕಂಬಗಳ ತಲೆಯಿಂದ ಹೂವಿನ ಮೊಗ್ಗಿನಂತೆ ಇಳಿಬಿದ್ದ ಪುಷ್ಪಬೋದಿಗೆಯನ್ನು ನೋಡಿದವರು ಅದನ್ನು ಮರೆಯುವುದಿಲ್ಲ. ಆದರೆ ಬೋದಿಗೆಗೆ ಕಂಬ ಬೇಕು. ಇಲ್ಲಿರುವುದು ಬರೀ ಗೋಡೆ.

‘ಮದನಕೈ’ ಇನ್ನೂ ಹತ್ತಿರ ಬರುತ್ತದೆ. ತುಂಗಭದ್ರೆಯ ದಂಡೆಯ ಕುರುವತ್ತಿಯ ಮಲ್ಲಿಕಾರ್ಜುನ ದೇವಾಲಯದಲ್ಲಿ ಓರೆಯಾಗಿ ಮುಂಚಾಚಿ ನಿಂತ ಶಿಲ್ಪಗಳಿಗೆ ಸಲ್ಲುವ ಹೆಸರು ಅದು. ಆ ಓರೆಯೇ ನಮ್ಮ ತ್ರಿಕೋನದಲ್ಲೂ ಇದೆ. ಬಚ್ಚಲಿಗೆ ಅಷ್ಟು ದೊಡ್ಡ ಹೆಸರನ್ನು ತರಲು ಮನಸ್ಸು ಒಪ್ಪಲಿಲ್ಲ, ಆದರೆ ಅದರೊಳಗಿನ ‘ಕೈ’ ನನ್ನನ್ನು ಹಿಡಿದು ನಿಲ್ಲಿಸಿತು.

ಏಕೆಂದರೆ ಮರುದಿನ ರಸಮಟ್ಟ ಹಿಡಿದು ಗೆರೆ ಎಳೆಯುತ್ತಿದ್ದ ಗೌಂಡಿ ತಾವಾಗಿಯೇ, “ಈ ಕಲ್ಲಿಗೆ ಎರಡು ಕೈ ಸಾಲದು, ನಡುವೆ ಇನ್ನೊಂದು ಕೈ ಬೇಕು” ಎಂದರು. ಮುಂಗೈ, ಅಂಗೈಗಳ ಹಾಗೆ ‘ಗೋಡೆಗೈ’ ಎಂದರೆ ಹೇಗೆ? ಮಳೆಗಾಲದಂತೆ ಆದೇಶ ಸಂಧಿಗೂ ಒಪ್ಪುತ್ತದೆ, ಬಾಯಿಗೂ ಹಗುರ. ಒಂದು ಎಚ್ಚರ ಬೇಕು: ‘ಕೈ ಕೊಡು’ ಎಂದರೆ ನಡುನೀರಿನಲ್ಲಿ ಬಿಡುವುದು ಎಂದೂ ಅರ್ಥ. ಹಾಗಾಗಿ ‘ಗೋಡೆಗೈ ಕೂರಿಸು’ ಎನ್ನಬೇಕು.

ಅದರ ಮೇಲಿನ ಕಲ್ಲಿಗೂ ಹೆಸರು ಬೇಕಾಗಿದೆ. ಅಡುಗೆಮನೆಯಲ್ಲಿ ‘ಕಟ್ಟೆ’ ಎನ್ನುತ್ತೇವೆ; ಅರಳಿಕಟ್ಟೆಯಂತೆ ಅದು ನೆಲದಿಂದ ಎದ್ದದ್ದು. ನೆಲವನ್ನೇ ಮುಟ್ಟದ್ದನ್ನು ಕಟ್ಟೆ ಎನ್ನಬಹುದೇ? ‘ತೂಗುಹಲಗೆ’ ಎಂದರೆ ಮೇಲಿನಿಂದ ಜೋತುಬಿದ್ದಂತೆ ಕೇಳಿಸುತ್ತದೆ.

ಕೊನೆಯದಾಗಿ, ನಮ್ಮ ಕಡೆಯ ಹಳೆಯ ಬಾವಿಗಳಲ್ಲಿ ಒಳಗೋಡೆಯಿಂದ ಹೊರಚಾಚಿದ ಮೆಟ್ಟಿಲುಗಲ್ಲುಗಳಿರುತ್ತವೆ. ಅರ್ಧ ಕಲ್ಲು ಗೋಡೆಯೊಳಗೆ ಹುದುಗಿರುತ್ತದೆ, ಮೇಲಿನ ಗೋಡೆಯ ಭಾರವೇ ಅದನ್ನು ಅದುಮಿ ಹಿಡಿಯುತ್ತದೆ. ಗೋಡೆಯಲ್ಲಿ ಹುದುಗಿದ ಆ ಅರ್ಧಕ್ಕೆ ಮತ್ತು ಹೊರಗೆ ಚಾಚಿದ ಅರ್ಧಕ್ಕೆ ಸಿಂಧನೂರು, ಮಾನ್ವಿ, ಸಿರುಗುಪ್ಪದ ಕಡೆಯ ಕಲ್ಲುಕೆಲಸದವರು ಬೇರೆ ಬೇರೆ ಹೆಸರು ಹೇಳುತ್ತಾರೆಯೇ? ಕೇಳಿ ಬಲ್ಲವರು ದಯವಿಟ್ಟು ಬರೆಯಿರಿ.